ಮರ್ಯಾದೆಗೆ ಹಚ್ಚಿದ ‘ಅರ್’

ಪಲ್ಲವಿ, ಸಮರ್ಥ,

ಮೊನ್ನೆ ರಜೆಗೆ ಬಂದಾಗ ನೀವಿಬ್ಬರೂ ‘ಮೋರ್ ಟಾಲ್’ ಸರಿಯೋ ‘ಟಾಲರ್’ ಸರಿಯೋ ಎಂದು ಜಗಳಾಡುತ್ತ ನನ್ನ ಹತ್ತಿರ ಬಂದಿರಿ. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ನಾನು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಒಲೆಯನ್ನೇ ಹಚ್ಚಿರಲಿಲ್ಲ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಪಾಪ, ಎಂದು ನೀವು ಸುಮ್ಮನಾದಿರಿ. ಅದು ಪೂರ್ತಿ ನಿಜವಲ್ಲ. ಒಂದು ಕಾಲದಲ್ಲಿ ನನಗೆ ಇಂಗ್ಲಿಷ್ ಬರುತ್ತಿತ್ತು. ಆ ಇಂಗ್ಲಿಷ್ ಏನೇನು ಮಾಡಿತು ಎಂಬುದನ್ನು ಬಾಯಿಬಿಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ನಿಮ್ಮ ಅಜ್ಜ ಆಗ ಗುಡಗೇರಿಯಲ್ಲಿ ಇಂಗ್ಲಿಷ್ ಮಾಸ್ತರರು. ಮಾಸ್ತರರೆಂದರೆ ಟೆಂಪರ್ವರಿ ಮಾಸ್ತರರು. ಪ್ರತಿ ಬೇಸಿಗೆ ಬಂದಾಗ ನೌಕರಿ ಉಳಿಯಿತೋ ಹೋಯಿತೋ ಎಂದು ಜೀವ ಹಿಡಿದುಕೊಂಡು ಕೂಡುತ್ತಿದ್ದೆವು. ಹೋದರೆ ನವಲಗುಂದದ ಕಡೆ ಅವರ ಅಣ್ಣನ ಮನೆ ಸೇರಿ ಹೊಲ ಮಾಡಬೇಕು. ನಿಮ್ಮ ಅಜ್ಜನಿಗೂ ಒಕ್ಕಲುತನಕ್ಕೂ ಆಗಿಬರುತ್ತಿರಲಿಲ್ಲ. ಅವರು ಕುಂಟೆ ಹಿಡಿದರೆ ಎತ್ತುಗಳು ಹಿಂತಿರುಗಿ ನೋಡುತ್ತಿದ್ದವು ಎಂದು ನಮ್ಮ ಭಾವನವರೇ ಹೇಳುತ್ತಿದ್ದರು. ಆದ್ದರಿಂದ ಕಾಯಂ ಆಗುವುದೊಂದೇ ದಾರಿ. ಕಾಯಂ ಆಗಬೇಕಾದರೆ ಶಾಲೆ ತಪಾಸಣೆಗೆ ಬರುವ ಇನ್‌ಸ್ಪೆಕ್ಟರ್ ಬಾಯಿಯವರು ಇವರ ಪಾಠ ನೋಡಿ ಒಪ್ಪಬೇಕು. ಕಲಿತ ಹೆಣ್ಣುಮಕ್ಕಳನ್ನು ನಮ್ಮ ಕಡೆ ಆಗ ‘ಬಾಯಿಯವರು’ ಎಂದೇ ಕರೆಯುತ್ತಿದ್ದೆವು.

ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಕಾಳಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ತರಗತಿಗಳು ನಡೆಯುತ್ತಿದ್ದವು. ಆ ಗೋದಾಮಿಗೂ ನಮ್ಮ ಅಡುಗೆಮನೆಗೂ ಒಂದೇ ಗೋಡೆ. ಗೋಡೆಯ ಮೇಲ್ಗಡೆ ಒಂದು ಬೆಳಕಿಂಡಿ. ನಾನು ಈಚೆ ಕೂತು ಜೋಳ ಹಸನು ಮಾಡುವಾಗ ಆಚೆಯಿಂದ ನಿಮ್ಮ ಅಜ್ಜನ ಪಾಠ ಕೇಳಿಸುತ್ತಿತ್ತು. ನಾನು ಓದಿದ್ದು ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ. ಇಂಗ್ಲಿಷ್ ಕಲಿಸಿರಿ ಎಂದು ಗಂಡನನ್ನು ಕೇಳಲು ಸಂಕೋಚ. ಗೋಡೆಯ ಮುಂದೆ ಎಂಥ ಸಂಕೋಚ? ಹೀಗಾಗಿ ಗೋಡೆಯೇ ನನ್ನ ಗುರು.

ಒಂದು ದಿನ ಹೊಸ ಪಾಠ ಶುರುವಾಯಿತು. ನಿಮ್ಮ ಅಜ್ಜ ಹೇಳುವುದು, ಹುಡುಗರು ಒಕ್ಕೊರಲಿನಿಂದ ಒದರುವುದು. “ಬಸಪ್ಪ ಈಸ್ ಟಾಲ್. ಹಿಸ್ ಫಾದರ್ ಈಸ್ ಟಾಲರ್.” “ದ ಬಾಯ್ ಈಸ್ ವೈಸ್. ದ ಟೀಚರ್ ಈಸ್ ವೈಸರ್.” “ದ ಮದರ್ ಈಸ್ ಕೈಂಡರ್. ಗಾಡ್ ಈಸ್ ದ ಕೈಂಡೆಸ್ಟ್.”

ನನ್ನ ಕೈಯಲ್ಲಿಯ ಮೊರ ಅಲ್ಲೇ ನಿಂತಿತು. ಹುಡುಗನಿಗೆ ಬರೇ ಟಾಲ್. ಅವನ ಅಪ್ಪನಿಗೆ ಟಾಲರ್. ಮಾಸ್ತರರಿಗೆ ವೈಸರ್. ನನಗೆ ತಟ್ಟನೆ ಹೊಳೆಯಿತು. ಇದು ಮರ್ಯಾದೆ. ನಾವು ಸಣ್ಣವರಿಗೆ ‘ಬಂದ’ ಎನ್ನುತ್ತೇವೆ, ದೊಡ್ಡವರಿಗೆ ‘ಬಂದರು’ ಎನ್ನುತ್ತೇವಲ್ಲ, ಹಾಗೆಯೇ ಇಂಗ್ಲಿಷಿನವರು ಹಿರಿಯರಿಗೆ ‘ಅರ್’ ಹಚ್ಚುತ್ತಾರೆ! ದೇವರಿಗೆ ಮಾತ್ರ ‘ಎಸ್ಟ್’. ಸಾಕ್ಷಿಗೇನು ಕಡಿಮೆ? ಡಾಕ್ಟರ್, ಕಲೆಕ್ಟರ್, ಮಾಸ್ತರ್, ಇನ್‌ಸ್ಪೆಕ್ಟರ್. ಮರ್ಯಾದಸ್ಥರೆಲ್ಲ ‘ಅರ್’ನಲ್ಲಿಯೇ ಮುಗಿಯುತ್ತಾರೆ. ಇಷ್ಟು ದಿನ ಇದು ಯಾರ ಕಣ್ಣಿಗೂ ಹೇಗೆ ಬೀಳಲಿಲ್ಲವೋ ಎಂದು ನನಗೇ ಆಶ್ಚರ್ಯ.

ಈ ಸಂಶೋಧನೆಯನ್ನು ಬಾಜೂ ಮನೆಯ ಹಸೀನಾಬಿಗೆ ಹೇಳಿದೆ. ಆಕೆಯ ಗಂಡ ಸ್ಟೇಷನ್ ರಸ್ತೆಯಲ್ಲಿ ಅಂಗಿ ಹೊಲಿಯುತ್ತಿದ್ದರು. ಹಸೀನಾಬಿ ಸ್ವಲ್ಪ ಹೊತ್ತು ವಿಚಾರ ಮಾಡಿ, “ಖರೇ ಐತಿ ಬೇ ಅಕ್ಕಾ. ನಮ್ಮ ಮನಿಯವರು ಟೇಲರ್. ನನ್ನ ಮೈದುನ ಇನ್ನೂ ಕಲಿಯಾಕತ್ಯಾನ, ಅಂವ ಬರೇ ಟೇಲ್ ಇರಬೇಕು,” ಅಂದಳು. ಇದಕ್ಕಿಂತ ಹೆಚ್ಚಿನ ಪುರಾವೆ ನನಗೆ ಬೇಕಾಗಿರಲಿಲ್ಲ.

ಅದರ ಮುಂದಿನ ವಾರ ಗೋಡೆಯಾಚೆ ‘ದ್ಯಾನ್’ ಎಂಬ ಶಬ್ದದ ಪಾಠವಾಯಿತಂತೆ. ಯಾರು ಯಾರಿಗಿಂತ ಎತ್ತರ ಎಂದು ಹೇಳುವ ‘ಗಿಂತ’ ಅದು. ಆ ವಾರ ನಾನು ಪಂಚಮಿಗೆ ತವರಿಗೆ ಹೋಗಿ ಜೋಕಾಲಿ ಆಡುತ್ತಿದ್ದೆ. ನನ್ನ ಇಂಗ್ಲಿಷ್ ವಿದ್ಯಾಭ್ಯಾಸದಲ್ಲಿ ಗೈರುಹಾಜರಿ ಅದೊಂದೇ. ಅದೊಂದೇ ಸಾಕಾಯಿತು.

ನಾನು ತಿರುಗಿ ಬಂದ ಸ್ವಲ್ಪ ದಿನಕ್ಕೆ ಹೆಡ್‌ಮಾಸ್ತರರು ನಮ್ಮ ಮನೆಗೆ ಬಂದರು. ಸಣಕಲು ಮನುಷ್ಯ. ಗಾಳಿ ಬಿಟ್ಟರೆ ಧೋತರದ ಚುಂಗು ಹಿಡಿದುಕೊಂಡು ನಿಲ್ಲುವರು.

“ಮಾಸ್ತರ, ನಾಳೆ ಇನ್‌ಸ್ಪೆಕ್ಟರ್ ಬಾಯಿಯವರು ಬರ್ತಾರ. ಊಟ ನಿಮ್ಮ ಮನಿಯಾಗ,” ಅಂದರು. “ಬಾಯಿಯವರು ಅಗದಿ ಖಡಕ್. ಹೋದ ತಿಂಗಳ ಒಂದೂರಾಗ ಇಂಗ್ಲಿಷ್ ಮಾಸ್ತರನ ಹೆಂಡ್ತಿನ್ನ ಇಂಗ್ಲಿಷಿನ್ಯಾಗ ಮಾತಾಡಿಸಿದ್ರಂತ. ಆಕಿ ಪಿಟ್ಟ ಅನಲಿಲ್ಲಂತ. ಮನಿಯಾಗಿನವರಿಗೇ ಕಲಿಸದಾಂವ ಶಾಲಿಯಾಗ ಏನ ಕಲಿಸ್ಯಾನು ಅಂದ್ರಂತ.”

ನಿಮ್ಮ ಅಜ್ಜನ ಮುಖ ಸಣ್ಣದಾಯಿತು. ಹೆಡ್‌ಮಾಸ್ತರರು ಹೋದ ಮೇಲೆ ನನ್ನನ್ನು ಕರೆದು, “ಸರೋಜಾ, ನಾಳೆ ನೀ ಸುಮ್ನ ಬಡಿಸು. ಮಾತಾಡಾಕ ಹೋಗಬ್ಯಾಡ. ಕೇಳಿದ್ರ ನಕ್ಕಬಿಡು,” ಅಂದರು.

ಪಾಪ, ನನಗೆ ಇಂಗ್ಲಿಷ್ ಬರುವುದು ಅವರಿಗೆ ಗೊತ್ತಿರಲಿಲ್ಲ. ನಾನು ನಕ್ಕೆ. ನಾಳೆ ಇವರ ನೌಕರಿ ಉಳಿಸುವವಳು ನಾನೇ ಎಂದು ನಿರ್ಧರಿಸಿಬಿಟ್ಟೆ. ಆ ಸಂಜೆ ಹಿತ್ತಲಿನಲ್ಲಿ ಹಸೀನಾಬಿಯ ಕೋಳಿಯ ಮುಂದೆ ತಾಲೀಮು ಮಾಡಿದೆ. ‘ಬರ್ರಿ’ ಎನ್ನಲು ‘ಕಮ್ಮರ್’. ‘ಕೂಡ್ರಿ’ ಎನ್ನಲು ‘ಸಿಟ್ಟರ್’. ‘ಉಣ್ಣರಿ’ ಎನ್ನಲು ‘ಈಟರ್’. ಕೋಳಿ ಏನೂ ತಪ್ಪು ತೆಗೆಯಲಿಲ್ಲ.

ಮರುದಿನ ಮುಂಜಾನೆಯ ಪಾಠ ಸುರಳೀತವಾಗಿ ನಡೆಯಿತು. ಹುಡುಗರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟದ್ದು ಬೆಳಕಿಂಡಿಯಿಂದ ಕೇಳಿಸಿತು. ಊಟದ ಹೊತ್ತಿಗೆ ಬಾಯಿಯವರು ನಮ್ಮ ಹೊಸ್ತಿಲು ದಾಟಿ ಒಳಗೆ ಬಂದರು. ಧಾರವಾಡದವರು. ಬಿಳಿ ಸೀರೆ, ಕಪ್ಪು ಕನ್ನಡಕ, ಬಾಗಿಲಿನ ತುಂಬ ಆಗುವಂಥ ಮೈಕಟ್ಟು. ಅದನ್ನು ಮೊದಲೇ ಕೇಳಿ ತಿಳಿದಿದ್ದ ನಾನು ಅವರಿಗಾಗಿ ಎರಡು ಮಣೆಗಳನ್ನು ಜೋಡಿಸಿ ಹಾಕಿದ್ದೆ. ಉಳಿದವರಿಗೆ ಒಂದೊಂದು. ಬಾಯಿಯವರು ಮಣೆಗಳನ್ನು ನೋಡಿದರು. ನಂತರ ನನ್ನನ್ನು ನೋಡಿದರು.

ನಾನು ಸೆರಗು ಸರಿಮಾಡಿಕೊಂಡು ಕೈಮುಗಿದು, “ಕಮ್ಮರ್, ಮೇಡಮ್. ಸಿಟ್ಟರ್,” ಅಂದೆ.

“ಯಾರಿಗೆ ಸಿಟ್ಟು?” ಅಂದರು ಬಾಯಿಯವರು.

“ಇಲ್ರಿ, ಯಾರಿಗೂ ಸಿಟ್ಟಿಲ್ರಿ,” ಎಂದು ಹೆಡ್‌ಮಾಸ್ತರರು ಗಡಬಡಿಸಿ ಕೂತೇಬಿಟ್ಟರು.

ನಿಮ್ಮ ಅಜ್ಜ ನನಗೆ ಕಣ್ಣಿನಿಂದ ಏನೋ ಹೇಳಿದರು. ‘ಭೇಷ್’ ಅಂದರು ಎಂದು ತಿಳಿದುಕೊಂಡೆ.

ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬಡಿಸಿದೆ. ಬಾಯಿಯವರು ಒಂದು ರೊಟ್ಟಿ ಮುಗಿಸಿ ಸಾಕೆಂದು ಕೈ ಅಡ್ಡ ಹಿಡಿದರು. ಅತಿಥಿಗಳು ಒಂದೇ ರೊಟ್ಟಿಗೆ ಎದ್ದರೆ ಮನೆಯ ಮಾನವೇನು? ಅವರ ಕೈ ಸರಿಸಿ ಇನ್ನೊಂದು ರೊಟ್ಟಿ ಹಾಕಿ, ಬಲು ಮರ್ಯಾದೆಯಿಂದ, “ಮೇಡಮ್, ಈಟರ್,” ಅಂದೆ.

ಬಾಯಿಯವರ ಕೈ ರೊಟ್ಟಿಯ ಮೇಲೆ ನಿಂತಿತು. “ಏನಂದಿ?”

ಕೇಳಿಸಲಿಲ್ಲವೇನೋ ಎಂದು ಜೋರಾಗಿ ಹೇಳಿದೆ. “ಈಟರ್, ಮೇಡಮ್. ಮೇಡಮ್ ಈಟರ್.”

ನಿಮ್ಮ ಅಜ್ಜ ಎಣ್ಣೆಗಾಯಿಯಲ್ಲಿ ಇಟ್ಟ ಕೈ ತೆಗೆಯಲೇ ಇಲ್ಲ. ಈಟರ್ ಎಂದರೆ ತಿನ್ನುವವಳು, ತಿಂಡಿಪೋತಿ ಎಂದಾಗುತ್ತದೆಂಬುದು ನನಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದೆಂದರೆ ಎಲ್ಲರೂ ಸುಮ್ಮನಾಗಿದ್ದಾರೆ, ಏನಾದರೂ ಒಳ್ಳೆಯ ಮಾತು ಆಡಬೇಕು ಎಂಬುದಷ್ಟೇ. ನಮ್ಮ ಕಡೆ ಯಾರನ್ನಾದರೂ ಹೊಗಳಬೇಕಾದರೆ ‘ಮೈಕೈ ತುಂಬಿಕೊಂಡಾರ’ ಅನ್ನುತ್ತೇವೆ. ಉಂಡು ಉಟ್ಟು ಸುಖವಾಗಿದ್ದವರಿಗೆ ಆಡುವ ಮಾತು ಅದು. ಅದಕ್ಕೆ ಇಂಗ್ಲಿಷ್ ಶಬ್ದ ನನಗೆ ಗೊತ್ತಿತ್ತು. ‘ಅರ್’ ಹಚ್ಚುವುದನ್ನೂ ಮರೆಯಲಿಲ್ಲ.

“ಮೇಡಮ್ ಈಸ್ ಫ್ಯಾಟರ್,” ಅಂದೆ.

ಹೆಡ್‌ಮಾಸ್ತರರಿಗೆ ಠಸಕಿ ಹತ್ತಿ ತುತ್ತು ನೆತ್ತಿಗೇರಿತು. ನಿಮ್ಮ ಅಜ್ಜ ಕಣ್ಣು ಮುಚ್ಚಿದರು. ಬಾಯಿಯವರು ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿಕೊಂಡು, ತಿರುಗಿ ಹಾಕಿಕೊಂಡು, ಮೆಲ್ಲಗೆ ಕೇಳಿದರು. “ದ್ಯಾನ್ ಹೂ?”

ಯಾರಿಗಿಂತ ದಪ್ಪ ಎಂದು ಅವರು ಕೇಳಿದ್ದು. ನನ್ನ ಕಿವಿಗೆ ಬಿದ್ದದ್ದು ಧ್ಯಾನ ಮತ್ತು ಹೂವು. ಎಂಥ ದೈವಭಕ್ತ ಹೆಣ್ಣುಮಗಳು, ಉಣ್ಣುವಾಗಲೂ ನಮ್ಮ ಮನೆಯ ಪೂಜೆ ಪುನಸ್ಕಾರ ವಿಚಾರಿಸುತ್ತಾರಲ್ಲ ಎಂದು ನನಗೆ ಮನಸ್ಸು ತುಂಬಿ ಬಂತು.

“ಮೊದಲ ಹೂ ಏರಸತೀನ್ರಿ, ಆಮ್ಯಾಲೆ ಧ್ಯಾನ,” ಅಂದೆ. “ದಿನಾ ಮುಂಜಾನೆ, ಜಳಕ ಆದ ಕೂಡ್ಲೆ.”

ಬಾಯಿಯವರು ನಿಮ್ಮ ಅಜ್ಜನ ಕಡೆ ತಿರುಗಿದರು. ನಿಮ್ಮ ಅಜ್ಜ ಗೋಡೆಯ ಕಡೆ ತಿರುಗಿದರು. ಏನೋ ಕೆಟ್ಟಿದೆ ಎಂದು ನನಗೆ ಈಗ ಅನಿಸಿತು. ಮರ್ಯಾದೆ ಕಡಿಮೆಯಾಗಿರಬೇಕು. ಇಷ್ಟು ದೊಡ್ಡ ಅಧಿಕಾರಿಗೆ, ಮೇಲಾಗಿ ಇಂಥ ದೈವಭಕ್ತರಿಗೆ, ಬರೇ ‘ಅರ್’ ಹಚ್ಚಿದರೆ ಸಾಲುತ್ತದೆಯೇ? ನೌಕರಿಯ ಪ್ರಶ್ನೆ. ದೇವರಿಗೆ ತೆಗೆದಿಟ್ಟದ್ದನ್ನೇ ತೆಗೆದುಕೊಟ್ಟೆ. ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ಸ್ಪಷ್ಟವಾಗಿ ಹೇಳಿದೆ.

“ಮೇಡಮ್ ಈಸ್ ದ ಫ್ಯಾಟೆಸ್ಟ್.”

ಹೊರಗೆ ಹಸೀನಾಬಿಯ ಕೋಳಿ ಕೂಗಿದ್ದು ಚೆನ್ನಾಗಿ ಕೇಳಿಸಿತು.

ಬಾಯಿಯವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ತಣ್ಣಗೆ ಕನ್ನಡದಲ್ಲಿ ಕೇಳಿದರು. “ತಂಗಿ, ಈ ಇಂಗ್ಲಿಷ್ ನಿನಗ ಯಾರು ಕಲಿಸ್ಯಾರ?”

ಗಂಡನ ಹೆಸರು ಹೇಳುವ ರೂಢಿ ಇರಲಿಲ್ಲ. ಗೋಡೆ ತೋರಿಸಿದೆ. ‘ಟಾಲ್’ ಹುಡುಗನಿಗೆ, ‘ಟಾಲರ್’ ಅಪ್ಪನಿಗೆ, ‘ಎಸ್ಟ್’ ದೇವರಿಗೆ ಎಂದು ನನಗೆ ತಿಳಿದ ಕಟ್ಟಳೆಯನ್ನೆಲ್ಲ ವಿವರಿಸಿದೆ. ಬಾಯಿಯವರು ಪೂರ್ತಿ ಕೇಳಿದರು. ಆಮೇಲೆ ನಿಮ್ಮ ಅಜ್ಜನಿಗೆ, “ಮಾಸ್ತರ, ಮುಂಜಾನಿ ಪಾಠ ನೋಡಿ ಛಲೋ ಅದ ಅಂತ ಬರಿಯವಳಿದ್ದೆ. ಇನ್ನೊಮ್ಮೆ ನೋಡೂಣು ನಡೀರಿ,” ಎಂದು ಎದ್ದರು. ನನ್ನ ಶೇಂಗಾ ಹೋಳಿಗೆ ಒಲೆಯ ಬದಿಯಲ್ಲಿಯೇ ಉಳಿಯಿತು.

ನಾನು ಬೆಳಕಿಂಡಿಯ ಕೆಳಗೆ ಹೋಗಿ ನಿಂತೆ.

ಮೊದಲ ಪ್ರಶ್ನೆ ತರಗತಿಯ ಎಲ್ಲರಿಗಿಂತ ಉದ್ದನೆಯ ಹುಡುಗನಿಗೆ. ಅವನ ಅಪ್ಪ ಅದೇ ಗೋದಾಮಿನ ಹಮಾಲ. ಚೀಲ ಹೊತ್ತು ಹೊತ್ತು ಕುಗ್ಗಿ, ಮಗನ ಹೆಗಲಿಗೆ ಬರುವಷ್ಟೇ ಎತ್ತರ. ಅಂಗಳದಲ್ಲಿಯೇ ನಿಂತಿದ್ದರು. “ನೀನೂ ನಿಮ್ಮಪ್ಪನೂ, ಯಾರು ಟಾಲರ್?” ಎಂದು ಬಾಯಿಯವರು ಕೇಳಿದರು.

“ಮೈ ಫಾದರ್ ಈಸ್ ಟಾಲರ್ ದ್ಯಾನ್ ಮೀ.”

“ಅಲ್ಲಿ ನಿಂತಾರಲ್ಲೋ, ಕಣ್ಣಿಂದ ನೋಡಿ ಹೇಳು.”

“ನೋಡೇನ್ರಿ. ಆದ್ರ ಅಪ್ಪಗ ‘ಅರ್’ ಹಚ್ಚದಿದ್ರ ಹೆಂಗ್ರಿ?”

ಬಾಯಿಯವರು ಮತ್ತೆ ಕೇಳಿದರು. “ಹೆಡ್‌ಮಾಸ್ತರರು ದೊಡ್ಡವರೋ, ಎಮ್ಮಿ ದೊಡ್ಡದೋ? ಇಂಗ್ಲಿಷಿನ್ಯಾಗ ಹೇಳ್ರಿ.”

ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು. “ಹೆಡ್‌ಮಾಸ್ಟರ್ ಈಸ್ ಬಿಗ್ಗರ್ ದ್ಯಾನ್ ಬಫೆಲೋ.”

ನನಗೆ ಗೋಡೆಯ ಈಚೆ ಸಮಾಧಾನವಾಯಿತು. ಉತ್ತರ ಸರಿಯಾಗಿಯೇ ಇದೆಯಲ್ಲ ಎಂದುಕೊಂಡೆ.

ಸಂಜೆ ನಿಮ್ಮ ಅಜ್ಜ ಬಂದು ಚಹಾದ ಬಟ್ಟಲು ಹಿಡಿದು ಕಟ್ಟೆಯ ಮೇಲೆ ಕೂತರು. ಬಾಯಿಯವರು ಕಾಯಂ ಮಾಡುವ ಮಾತು ತೆಗೆಯಲಿಲ್ಲವಂತೆ. ದೀಪಾವಳಿ ಮುಗಿದ ಮೇಲೆ ಇನ್ನೊಮ್ಮೆ ಬರುತ್ತೇನೆ, ಅಷ್ಟರೊಳಗೆ ಇಂಗ್ಲಿಷಿನ ಈ ಮರ್ಯಾದೆ ಬಿಡಿಸಿರಿ, ಇಲ್ಲದಿದ್ದರೆ ಬೇರೆ ಮಾಸ್ತರನನ್ನು ನೋಡಲು ಹೇಳುತ್ತೇನೆ ಎಂದು ರೈಲು ಹತ್ತಿದರಂತೆ.

ನಾನು ಬಾಗಿಲ ಮರೆಯಲ್ಲಿ ನಿಂತು, “ಸಿಟ್ಟ ಬಂದೈತೇನ್ರಿ?” ಅಂದೆ.

“ಯಾವುದು? ಸಿಟ್ಟರೋ, ಸಿಟ್ಟೆಸ್ಟೋ?” ಅಂದರು.

ನನಗೆ ಅಳು ಬಂತು. ಅವರು ಚಹಾದ ಬಟ್ಟಲು ಕೆಳಗಿಟ್ಟು, “ನೀ ಅಳಬ್ಯಾಡ. ಹುಡುಗರಿಗೂ ಹಂಗ ತಿಳದೈತಿ ಅಂದ್ರ ತಪ್ಪು ನಂದು. ಅಪ್ಪನಕಿಂತ ಮಗ ದೊಡ್ಡಾಂವ ಅಂತ ಹೇಳಿಕೊಡಾಕ ನನಗ ಬಾಯಿ ಬರಲಿಲ್ಲ. ಉದಾಹರಣಿಯೆಲ್ಲಾ ಹಿರಿಯರ ಕಡೆನ ಹೋದವು,” ಅಂದರು.

“ಹಂಗಾದ್ರ ಮನಷ್ಯಾರನ್ನ ಬಿಡ್ರಿ. ಕಾಯಿಪಲ್ಯಾದ್ದು ಹೇಳ್ರಿ. ಬದನಿಕಾಯಿಗೆ ಎಲ್ಲಿ ಮರ್ಯಾದಿ?” ಅಂದೆ.

ಮರುದಿನ ಸಂತೆ. ಚೀಲದ ತುಂಬ ಹೀರೇಕಾಯಿ, ಬದನೆಕಾಯಿ, ಮೆಣಸಿನಕಾಯಿ ತಂದು ಅರ್ಧ ನನಗೆ ಕೊಟ್ಟರು, ಅರ್ಧ ತರಗತಿಗೆ ಒಯ್ದರು. ಆ ಮಳೆಗಾಲ ಗೋಡೆಯಾಚೆ ಹುಡುಗರು, “ಈ ಹೀರೇಕಾಯಿ ಆ ಹೀರೇಕಾಯಿಗಿಂತ ಲಾಂಗರ್” ಎಂದು ಒದರಿದರೆ ಈಚೆ ನಾನು ಅದನ್ನೇ ಹೆಚ್ಚುತ್ತ ಒದರುತ್ತಿದ್ದೆ. ಈಗ ಅವರು ನನಗೆ ಬೇರೆ ಕೂಡ್ರಿಸಿಕೊಂಡು ಕಲಿಸಲೂ ತೊಡಗಿದರು. ಸಣ್ಣ ಶಬ್ದಕ್ಕೆ ಬಾಲದಲ್ಲಿ ‘ಅರ್’, ಉದ್ದ ಶಬ್ದಕ್ಕೆ ಮುಂದೆ ‘ಮೋರ್’. ‘ಗುಡ್’ಗೆ ‘ಗುಡ್ಡರ್’ ಅಲ್ಲ, ‘ಬೆಟರ್’. ಇಂಥ ವಿಚಿತ್ರಗಳೆಲ್ಲ.

ನಮ್ಮ ಊರಿನಲ್ಲಿ ನಿಲ್ಲದೆ ಹೋಗುವ ರೈಲು ಬಂದಾಗ, “ಇದು ಹೆಂಗ ಹೋಗತೈತಿ?” ಎಂದು ಕೇಳುವರು.

“ಫಾಸ್ಟರ್.”

“ಪ್ಯಾಸೆಂಜರ್ ಗಾಡಿ?”

“ಸ್ಲೋಲಿಯರ್.”

“ಮೋರ್ ಸ್ಲೋಲಿ. ಬಾಲದಾಗ ‘ಲಿ’ ಕೂತಿದ್ರ ಅಲ್ಲಿ ‘ಅರ್’ಗೆ ಜಾಗಾ ಇಲ್ಲ, ಅದಕ್ಕ ಮುಂದ ‘ಮೋರ್’ ಬರ್ತೈತಿ.”

“ಎರಡೂ ಹಚ್ಚಿದ್ರ ಏನಾಗತೈತ್ರಿ?”

“ಎರಡೂ ಹಚ್ಚಬಾರದು, ಸರೋಜಾ.”

ಹೂಂ ಅಂದೆ. ಹೂಂ ಅಂದದ್ದು ನಿಜ.

ದೀಪಾವಳಿ ಮುಗಿಯಿತು, ಬಾಯಿಯವರು ಬಂದರು. ಅಂದು ಬೆಳಕಿಂಡಿಯ ಕೆಳಗೆ ನನ್ನ ಜೊತೆ ಹಸೀನಾಬಿಯೂ ನಿಂತಿದ್ದಳು. “ಬಫೆಲೋ ಈಸ್ ಬಿಗ್ಗರ್ ದ್ಯಾನ್ ಹೆಡ್‌ಮಾಸ್ಟರ್,” ಎಂದು ಹುಡುಗರು ಕೂಗಿದ ಕೂಗಿಗೆ ಗೋದಾಮಿನ ಪಾರಿವಾಳಗಳು ಹಾರಿದವು. ಅಷ್ಟು ಸಂತೋಷದಿಂದ ಆ ಹುಡುಗರು ವ್ಯಾಕರಣ ಹೇಳಿದ್ದನ್ನು ನಾನು ಬೇರೆಂದೂ ಕೇಳಿಲ್ಲ. ನಡುವೆ ಹೆಡ್‌ಮಾಸ್ತರರು ಕೆಮ್ಮಿದ್ದೂ ಕೇಳಿಸಿತು.

ಊಟಕ್ಕೆ ನಾನು ಎಲ್ಲರಿಗೂ ಒಂದೊಂದೇ ಮಣೆ ಹಾಕಿ, ಬಡಿಸಲು ಹಸೀನಾಬಿಯನ್ನು ನಿಲ್ಲಿಸಿ ಒಳಗೆ ಅಡಗಿದ್ದೆ. ಬಾಯಿಯವರು ಬಿಡಲಿಲ್ಲ.

“ಗ್ವಾಡಿ ಹಿಂದಿನ ವಿದ್ಯಾರ್ಥಿನಿ ಎಲ್ಲಿ? ಆಕಿದೂ ಪರೀಕ್ಷಾ ಆಗಬೇಕಲ್ಲ. ಬಾ ತಂಗಿ. ನನ್ನನ್ನೂ ಹೆಡ್‌ಮಾಸ್ತರರನ್ನೂ ನೋಡು. ಒಂದ ವಾಕ್ಯ ಹೇಳು.”

ಖರೇ ಹೇಳಿದರೆ ಮರ್ಯಾದೆ ಹೋಗುತ್ತದೆ, ಮರ್ಯಾದೆ ಕೊಟ್ಟರೆ ವ್ಯಾಕರಣ ಹೋಗುತ್ತದೆ, ಯಾವುದು ಹೋದರೂ ನೌಕರಿ ಹೋಗುತ್ತದೆ. ನಾನು ಬಾಯಿಯವರನ್ನು ನೋಡಿದೆ. ಅವರ ಬಾಜೂ ಒಣಗಿದ ಹೀರೇಕಾಯಿಯ ಹಾಗೆ ಕೂತಿದ್ದ ಹೆಡ್‌ಮಾಸ್ತರರನ್ನು ನೋಡಿದೆ. ಹೊಳೆಯಿತು.

“ಹೆಡ್‌ಮಾಸ್ಟರ್ ಈಸ್ ಥಿನ್ನರ್ ದ್ಯಾನ್ ಮೇಡಮ್.”

ಬಾಯಿಯವರು ನಕ್ಕರು. ಮೈಯೆಲ್ಲ ಅಲುಗಾಡುವ ಹಾಗೆ ನಕ್ಕರು. ಹೆಡ್‌ಮಾಸ್ತರರೂ ನಗಬೇಕಾಯಿತು. ನನ್ನ ಹೋಳಿಗೆ ಎರಡು ತಿಂದು, ಕೈತೊಳೆದು, ಬಾಯಿಯವರು ಹೊರಡಲು ನಿಂತರು. ಬಾಗಿಲಿನಲ್ಲಿ ತಿರುಗಿ, “ಮಾಸ್ತರ, ಕಾಯಂ ಮಾಡ್ರಿ ಅಂತ ಬರೀತೀನಿ. ತಂಗಿ, ನಿನ್ನ ಇಂಗ್ಲಿಷೂ ಈಗ ಬೆಟರ್,” ಅಂದರು.

ಸುಮ್ಮನೆ ಕೈಮುಗಿದಿದ್ದರೆ ಆಗಿತ್ತು. ಆದರೆ ಇಷ್ಟು ಉಪಕಾರ ಮಾಡಿದವರ ಮುಂದೆ ಕಲಿತದ್ದನ್ನೆಲ್ಲ ಒಮ್ಮೆಗೇ ತೋರಿಸಬೇಕೆನಿಸಿತು. “ಥ್ಯಾಂಕ್ಯೂ, ಮೇಡಮ್,” ಅಂದೆ. “ಮೋರ್ ಬೆಟರರ್.”

ಬಾಯಿಯವರು ಒಂದು ಕಾಲು ಹೊಸ್ತಿಲಿನಾಚೆ ಇಟ್ಟವರು ಹಾಗೇ ನಿಂತರು. ನಿಮ್ಮ ಅಜ್ಜನ ಕಡೆ ನೋಡಿ, “ಮಾಸ್ತರ, ನೀವು ಕಾಯಂ. ಈಕಿ ಇನ್ನೂ ಟೆಂಪರ್ವರಿ,” ಅಂದು ಹೋದರು.

ನಿಮ್ಮ ಅಜ್ಜ ಕಾಯಂ ಆಗಿ, ಹೆಡ್‌ಮಾಸ್ತರರೂ ಆಗಿ, ನಿವೃತ್ತರಾದರು. ಅವರು ಇದ್ದಷ್ಟು ದಿನ ನನ್ನ ಇಂಗ್ಲಿಷಿನ ತಪಾಸಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಈಗ ಅವರಿಲ್ಲ. ನನ್ನನ್ನು ಕಾಯಂ ಮಾಡುವವರು ಯಾರೂ ಉಳಿದಿಲ್ಲ.

ಈ ಹಾಳೆಗಳನ್ನು ನಿಮ್ಮ ಪುಸ್ತಕಗಳ ನಡುವೆ ಎಲ್ಲಾದರೂ ಜೋಪಾನವಾಗಿಡಿ, ನೀರು ತಾಗಿಸಬೇಡಿ, ರದ್ದಿಗೆ ಹಾಕಬೇಡಿ. ನಿಮ್ಮ ಇಂಗ್ಲಿಷ್ ಟೀಚರಿಗೆ ಮಾತ್ರ ತೋರಿಸಬೇಡಿ. ಅವರು ತಿದ್ದಲು ಕುಳಿತರೆ ಕೆಂಪು ಶಾಯಿ ಸಾಲುವುದಿಲ್ಲ.